ಎಲ್ಮ್‌ನಲ್ಲಿ ದೊಡ್ಡ ಫ್ರಂಟ್‌ಎಂಡ್ ಕಟ್ಟುವುದು ಹೇಗೆ?

ಸರ್ವರ್‌ನಿಂದ ಬರುವ ಒಂದು ಫೀಲ್ಡ್‌ನ ಹೆಸರು ಬದಲಾಯಿತು ಎನ್ನಿ. ಐವತ್ತು ಪರದೆಗಳಿರುವ ಜಾವಾಸ್ಕ್ರಿಪ್ಟ್ ಅಪ್ಲಿಕೇಶನ್‌ನಲ್ಲಿ ಅದನ್ನು ಎಲ್ಲೆಲ್ಲಿ ತಿದ್ದಬೇಕು ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಹುಡುಕಿ ಹುಡುಕಿ ತಿದ್ದುತ್ತಾರೆ, ಬಿಡುಗಡೆ ಮಾಡುತ್ತಾರೆ, ಕೆಲವು ದಿನ ಕಳೆದ ಮೇಲೆ ಯಾರೋ ಗ್ರಾಹಕರು ಖಾಲಿ ಪರದೆಯ ಚಿತ್ರ ಕಳಿಸುತ್ತಾರೆ. ದೊಡ್ಡ ಫ್ರಂಟ್‌ಎಂಡ್‌ನ, ಅಂದರೆ ಬ್ರೌಸರ್‌ನಲ್ಲಿ ಓಡುವ ಭಾಗದ, ನಿಜವಾದ ಕಷ್ಟ ಇದು. ಹೊಸ ಪರದೆ ಬರೆಯುವುದು ಕಷ್ಟವಲ್ಲ; ಇರುವುದನ್ನು ಧೈರ್ಯವಾಗಿ ಬದಲಿಸುವುದು ಕಷ್ಟ.

ಈ ಕಷ್ಟಕ್ಕೆ ನಾನು ಕಂಡ ಉತ್ತರಗಳಲ್ಲಿ ಅತ್ಯಂತ ನೇರವಾದದ್ದು ಎಲ್ಮ್ ಭಾಷೆ. ಇವಾನ್ ಚಾಪ್ಲಿಕಿ 2012ರಲ್ಲಿ ಹಾರ್ವರ್ಡ್‌ನಲ್ಲಿ ಪದವಿಯ ಪ್ರಬಂಧಕ್ಕಾಗಿ ರೂಪಿಸಿದ ಈ ಫಂಕ್ಷನಲ್ ಭಾಷೆ ಜಾವಾಸ್ಕ್ರಿಪ್ಟ್ ಆಗಿ ಕಂಪೈಲ್ ಆಗುತ್ತದೆ. ಇದರಲ್ಲಿ ನಲ್ (ಮೌಲ್ಯವಿಲ್ಲ ಎಂಬ ಗುರುತು) ಇಲ್ಲ, ಒಮ್ಮೆ ಕೊಟ್ಟ ಮೌಲ್ಯವನ್ನು ತಿದ್ದಲು ಬರುವುದಿಲ್ಲ, ಫಂಕ್ಷನ್‌ಗಳು ಹೊರಜಗತ್ತನ್ನು ಕದ್ದುಮುಚ್ಚಿ ಮುಟ್ಟುವಂತಿಲ್ಲ. ರಿಡಕ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿದವರಿಗೆ ಇದರ ರಚನೆ ಪರಿಚಿತವೆನಿಸುತ್ತದೆ, ಏಕೆಂದರೆ 2015ರಲ್ಲಿ ಬಂದ ರಿಡಕ್ಸ್ ಎಲ್ಮ್‌ನಿಂದ ಪ್ರೇರಣೆ ಪಡೆದದ್ದು. ಅಮೆರಿಕದ ನೋರೆಡ್‌ಇಂಕ್ ಎಂಬ ಶಿಕ್ಷಣ ಕಂಪನಿ ಅದೇ ವರ್ಷದಿಂದ ಎಲ್ಮ್ ಅನ್ನು ತನ್ನ ಉತ್ಪನ್ನದಲ್ಲಿ ಬಳಸತೊಡಗಿತು. ದೊಡ್ಡ ಕೋಡ್‌ನಲ್ಲಿ ಎಲ್ಮ್ ಹೇಗೆ ನಡೆಯುತ್ತದೆ ಎಂಬ ಅನುಭವದ ಬಹುಪಾಲು ಅಲ್ಲಿಂದಲೇ ಹೊರಬಂತು.

ಈ ಲೇಖನಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಗ್ರಂಥಾಲಯದ ಅಪ್ಲಿಕೇಶನ್. ಸದಸ್ಯರು, ಪುಸ್ತಕಗಳು, ಎರವಲು, ತಡವಾದರೆ ದಂಡ, ಮುಂಗಡ ಕಾಯ್ದಿರಿಸುವಿಕೆ, ಸಿಬ್ಬಂದಿಗೆ ಬೇರೆ ಪರದೆಗಳು. ಚಿಕ್ಕದಾಗಿ ಶುರುವಾಗಿ ದೊಡ್ಡದಾಗುವ ಎಲ್ಲ ಲಕ್ಷಣಗಳೂ ಇದಕ್ಕಿವೆ. ಕೋಡ್‌ನ ಆಕಾರವನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ತೋರಿಸುತ್ತೇನೆ. ಎಡಿಟರ್‌ನಲ್ಲಿ ಮಾತ್ರ ಹೆಸರುಗಳನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು.

ಮೊದಲು: ಇದು ನಿಮಗೆ ಬೇಕೇ?

ಎಲ್ಮ್‌ನ ಈಗಿನ ಆವೃತ್ತಿ 0.19.1 ಬಂದದ್ದು 2019ರಲ್ಲಿ. ಭಾಷೆ ಅಂದಿನಿಂದ ಹೆಚ್ಚೂಕಡಿಮೆ ಹಾಗೆಯೇ ನಿಂತಿದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ವರ್ಷಗಳ ಹಿಂದೆ ಬರೆದ ಕೋಡ್ ಇಂದಿಗೂ ಒಂದಕ್ಷರ ತಿದ್ದದೆ ಕಂಪೈಲ್ ಆಗುವುದನ್ನು ನಾನು ಗುಣವೆಂದೇ ಎಣಿಸುತ್ತೇನೆ. ಆದರೆ ಬ್ರೌಸರ್‌ನ ಹೊಸ ಸೌಲಭ್ಯಗಳನ್ನು ಬಂದ ದಿನವೇ ಬಳಸಬೇಕು ಎನ್ನುವ ತಂಡಕ್ಕೆ, ಅಥವಾ ಪ್ರತಿ ಪರದೆಯಲ್ಲೂ ಸಿದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ತಂದು ಜೋಡಿಸುವ ಕೆಲಸಕ್ಕೆ ಇದು ಹೊಂದುವುದಿಲ್ಲ. ಅಂಥವರು ರಿಸ್ಕ್ರಿಪ್ಟ್, ಪ್ಯೂರ್‌ಸ್ಕ್ರಿಪ್ಟ್, ಎಫ್ ಶಾರ್ಪ್‌ನ ಫೇಬಲ್ ಅಥವಾ ಗ್ಲೀಮ್ ಭಾಷೆಯ ಲಸ್ಟರ್ ನೋಡಬಹುದು. ಮುಂದೆ ಹೇಳುವ ಹೆಚ್ಚಿನ ಮಾತುಗಳು ಅಲ್ಲಿಯೂ ಅನ್ವಯಿಸುತ್ತವೆ.

ಈಗಾಗಲೇ ನಡೆಯುತ್ತಿರುವ ಅಪ್ಲಿಕೇಶನ್ ಇದ್ದರೆ ಎಲ್ಲವನ್ನೂ ಕಿತ್ತುಹಾಕಿ ಮತ್ತೆ ಬರೆಯಲು ಹೋಗಬೇಡಿ. ತೊಂದರೆ ಹೆಚ್ಚು ಕೊಡುವ ಒಂದು ಪರದೆಯನ್ನು ಆರಿಸಿ, ಆ ಪುಟದ ಒಂದು ಡಿವ್‌ನೊಳಗೆ ಎಲ್ಮ್ ಕೂರಿಸಿ. ಇದಕ್ಕೆಂದೇ ಬ್ರೌಸರ್ ಪ್ಯಾಕೇಜ್‌ನಲ್ಲಿ ಎಲಿಮೆಂಟ್ ಎಂಬ ಫಂಕ್ಷನ್ ಇದೆ. ಅದು ತಂಡಕ್ಕೆ ಒಗ್ಗಿದರೆ ಎರಡನೆಯ ಪರದೆ.

ಹೆಜ್ಜೆ 1: ಸಲಕರಣೆ

ಇಲ್ಲಿ ಹೆಚ್ಚು ಹೊತ್ತು ಬೇಡ. ಇನಿಟ್ ಆದೇಶ ಕೊಟ್ಟರೆ ಯೋಜನೆಯ ಕಡತ ಸಿದ್ಧವಾಗುತ್ತದೆ. ಅದರ ಜೊತೆಗೆ ಮೂರು ಸಲಕರಣೆಗಳನ್ನು ಮೊದಲ ದಿನವೇ ಹಾಕಿಕೊಳ್ಳಿ. ಎಲ್ಮ್ ಫಾರ್ಮ್ಯಾಟ್ ಹಾಕಿದರೆ ಕೋಡ್‌ನ ಜೋಡಣೆಯ ಬಗ್ಗೆ ತಂಡದಲ್ಲಿ ವಾದವೇ ಹುಟ್ಟುವುದಿಲ್ಲ. ಎಲ್ಮ್ ಟೆಸ್ಟ್ ಪರೀಕ್ಷೆಗಳಿಗೆ. ಎಲ್ಮ್ ರಿವ್ಯೂ ಯಾರೂ ಕರೆಯದ ಫಂಕ್ಷನ್, ಯಾರೂ ಬಳಸದ ಟೈಪ್, ಅನಾಥವಾದ ಮಾಡ್ಯೂಲ್ ಇವುಗಳನ್ನೆಲ್ಲ ಹೆಕ್ಕಿ ತೋರಿಸುತ್ತದೆ. ಫಂಕ್ಷನ್‌ಗಳು ಶುದ್ಧವಾಗಿರುವುದರಿಂದ, ಅಂದರೆ ಹೊರಜಗತ್ತನ್ನು ಮುಟ್ಟದಿರುವುದರಿಂದ, ಬಳಕೆಯಾಗುತ್ತಿಲ್ಲ ಎಂದು ಅದು ಹೇಳಿದ್ದನ್ನು ನಿಶ್ಚಿಂತೆಯಿಂದ ಅಳಿಸಬಹುದು. ಹಳೆಯ ದೊಡ್ಡ ಯೋಜನೆಯಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು.

ಹೆಜ್ಜೆ 2: ಪರದೆ ಬೇಡ, ಮೊದಲು ಟೈಪ್ ಬರೆಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ. ಟೈಪ್ ಎಂದರೆ ಒಂದು ಮೌಲ್ಯ ಯಾವ ಯಾವ ರೂಪಗಳಲ್ಲಿ ಇರಬಹುದು ಎಂಬ ವಿವರಣೆ. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ ಬಂದವರ ಕೈ ತಾನಾಗಿಯೇ ಕಾಂಪೊನೆಂಟ್ (ಪರದೆಯ ಬಿಡಿ ತುಂಡು) ಕಡೆಗೆ ಓಡುತ್ತದೆ: ಹುಡುಕಾಟದ ಪೆಟ್ಟಿಗೆ ಒಂದು, ಪುಸ್ತಕದ ಕಾರ್ಡ್ ಒಂದು, ಪಟ್ಟಿ ಒಂದು. ಎಲ್ಮ್‌ನಲ್ಲಿ ಆ ದಾರಿ ಹಿಡಿದರೆ ದೊಡ್ಡ ಯೋಜನೆ ಸೊರಗುತ್ತದೆ. ಬದಲಿಗೆ ಕೇಳಬೇಕಾದ ಪ್ರಶ್ನೆ: ಈ ಪರದೆ ಯಾವ ಯಾವ ಸ್ಥಿತಿಗಳಲ್ಲಿ ಇರಬಹುದು?

ಪುಸ್ತಕಗಳ ಪಟ್ಟಿಯನ್ನೇ ನೋಡಿ. ಸಾಮಾನ್ಯವಾಗಿ ಮೂರು ವಿಷಯಗಳನ್ನು ಬೇರೆ ಬೇರೆ ಇಡುತ್ತಾರೆ: ತರಿಸುತ್ತಿದೆಯೇ, ದೋಷ ಇದೆಯೇ, ಪಟ್ಟಿ ಬಂದಿದೆಯೇ. ಮೂರು ಹೌದು-ಇಲ್ಲಗಳಿಂದ ಎಂಟು ಜೋಡಣೆಗಳಾಗುತ್ತವೆ, ಅವುಗಳಲ್ಲಿ ಅರ್ಥವಿರುವುದು ನಾಲ್ಕಕ್ಕೆ. ದೋಷವೂ ಇದೆ, ಇನ್ನೂ ತರಿಸುತ್ತಲೂ ಇದೆ ಎಂಬಂಥ ಉಳಿದ ನಾಲ್ಕು ಜೋಡಣೆಗಳೇ ಬಗ್‌ಗಳ ತವರು. ಎಲ್ಮ್‌ನಲ್ಲಿ ಹೀಗೆ ಬರೆಯಿರಿ:

ಟೈಪ್ ಪಟ್ಟಿಯಸ್ಥಿತಿ
  = ಇನ್ನೂಕೇಳಿಲ್ಲ
  | ತರಿಸುತ್ತಿದೆ
  | ಬಂದಿದೆ (ಲಿಸ್ಟ್ ಪುಸ್ತಕ)
  | ವಿಫಲ ದೋಷ

ಈಗ ಪಟ್ಟಿ ಇಲ್ಲದೆ ಪಟ್ಟಿ ತೋರಿಸುವುದು ಸಾಧ್ಯವೇ ಇಲ್ಲ, ಏಕೆಂದರೆ ಪುಸ್ತಕಗಳು ಸಿಗುವುದು ‘ಬಂದಿದೆ’ ಎಂಬುದರ ಒಳಗೆ ಮಾತ್ರ. ಹಳೆಯ ಪಟ್ಟಿಯನ್ನು ಪರದೆಯಲ್ಲಿ ಉಳಿಸಿಕೊಂಡೇ ಹೊಸದನ್ನು ತರಿಸಬೇಕೆಂದು ನಾಳೆ ಯಾರಾದರೂ ಕೇಳಿದರೆ ‘ಮತ್ತೆತರಿಸುತ್ತಿದೆ (ಲಿಸ್ಟ್ ಪುಸ್ತಕ)’ ಎಂದು ಐದನೆಯದನ್ನು ಸೇರಿಸಿ. ಎಲ್ಲ ಪರದೆಗೂ ಒಂದೇ ಸಿದ್ಧ ಟೈಪ್ ಬಳಸಬೇಕೆಂದೇನೂ ಇಲ್ಲ. ಪರದೆಗೆ ತಕ್ಕ ಟೈಪ್ ಬರೆಯುವುದೇ ಮೇಲು.

ಇದೇ ಕ್ರಮವನ್ನು ಲಾಗಿನ್‌ಗೂ ಅನ್ವಯಿಸಿ: ಅತಿಥಿ, ಸದಸ್ಯ, ಸಿಬ್ಬಂದಿ ಎಂಬ ಮೂರು ಬಗೆಯ ಸೆಷನ್. ದಂಡ ಮನ್ನಾ ಮಾಡುವ ಫಂಕ್ಷನ್ ಸಿಬ್ಬಂದಿಯ ಗುರುತನ್ನು ಕೇಳಿದರೆ, ಸದಸ್ಯರ ಪರದೆಯಿಂದ ಅದನ್ನು ಕರೆಯಲು ಕಂಪೈಲರ್ ಬಿಡುವುದಿಲ್ಲ. ಅಧಿಕಾರದ ಅಂತಿಮ ಪರಿಶೀಲನೆ ಸರ್ವರ್‌ನಲ್ಲೇ ಆಗಬೇಕು, ಅದರಲ್ಲಿ ರಾಜಿಯಿಲ್ಲ. ಆದರೂ ತಪ್ಪು ಗುಂಡಿ ತಪ್ಪು ಕೈಗೆ ಕಾಣಿಸದಂತೆ ನೋಡಿಕೊಳ್ಳುವ ಕೆಲಸ ಇಲ್ಲಿಯೇ ಮುಗಿಯುತ್ತದೆ.

ಪುಸ್ತಕದ ಐಡಿ, ಸದಸ್ಯರ ಐಡಿ ಎರಡೂ ಬರೀ ಸ್ಟ್ರಿಂಗ್ ಆಗಿರಬಾರದು. ಒಂದೊಂದಕ್ಕೂ ಸ್ವಂತ ಟೈಪ್ ಕೊಡಿ, ಆಗ ಒಂದರ ಜಾಗದಲ್ಲಿ ಇನ್ನೊಂದನ್ನು ಕಳಿಸಲು ಆಗುವುದಿಲ್ಲ. ಬಿಡುಗಡೆಗೆ ಆಪ್ಟಿಮೈಸ್ ಆಯ್ಕೆಯೊಂದಿಗೆ ಕಂಪೈಲ್ ಮಾಡಿದಾಗ ಇಂಥ ಒಂಟಿ ಹೊದಿಕೆಗಳನ್ನು ಕಂಪೈಲರ್ ತಾನೇ ಕಳಚುತ್ತದೆ, ಹಾಗಾಗಿ ವೇಗಕ್ಕೆ ಧಕ್ಕೆಯಿಲ್ಲ. ಒಂದು ತೊಡಕು ಮಾತ್ರ ಇದೆ. ಎಲ್ಮ್‌ನ ಡಿಕ್ಷನರಿಗೆ ಸ್ವಂತ ಟೈಪ್‌ಗಳನ್ನು ಕೀ ಆಗಿ ಕೊಡಲಾಗದು. ಐಡಿಯನ್ನು ಸ್ಟ್ರಿಂಗ್ ಮಾಡಿ ಇಟ್ಟು, ತೆಗೆಯುವಾಗ ಮತ್ತೆ ಐಡಿ ಮಾಡುವ ಪುಟ್ಟ ಮಾಡ್ಯೂಲ್ ಒಂದನ್ನು ಬರೆದುಕೊಳ್ಳಿ.

ಹೆಜ್ಜೆ 3: ಸಂದೇಶಗಳಿಗೆ ನಡೆದ ಸಂಗತಿಯ ಹೆಸರು

ಎಲ್ಮ್‌ನಲ್ಲಿ ಪರದೆಯ ಪ್ರತಿ ಘಟನೆಯೂ ಒಂದು ಸಂದೇಶವಾಗಿ ಅಪ್‌ಡೇಟ್ ಫಂಕ್ಷನ್‌ಗೆ ಬರುತ್ತದೆ. ಅದು ಹೊಸ ಮಾಡೆಲ್ (ಪರದೆಯ ಈಗಿನ ಸ್ಥಿತಿ) ಮತ್ತು ಮುಂದೆ ನಡೆಯಬೇಕಾದ ಹೊರಗಿನ ಕೆಲಸ ಎರಡನ್ನೂ ಕೊಡುತ್ತದೆ. ಸಂದೇಶಕ್ಕೆ ‘ಪಟ್ಟಿತರಿಸು’ ಎಂದು ಹೆಸರಿಡುವ ಬದಲು ‘ಹುಡುಕುಗುಂಡಿಒತ್ತಲಾಯಿತು’ ಎಂದಿಡಿ. ಆಗ ಡಿಬಗರ್‌ನಲ್ಲಿ ಸಂದೇಶಗಳ ಸರಣಿಯನ್ನು ಓದಿದರೆ ಬಳಕೆದಾರರು ಏನೇನು ಮಾಡಿದರು ಎಂಬ ಕಥೆಯೇ ಕಣ್ಣಿಗೆ ಕಟ್ಟುತ್ತದೆ. ಏನು ಮಾಡಬೇಕು ಎಂಬ ನಿರ್ಧಾರವೂ ಅಪ್‌ಡೇಟ್‌ನೊಳಗೇ ಉಳಿಯುತ್ತದೆ.

ದೊಡ್ಡ ಯೋಜನೆಯಲ್ಲಿ ತಪ್ಪದೆ ಪಾಲಿಸಬೇಕಾದ ನಿಯಮವೊಂದು: ಸ್ಥಿತಿಗಳನ್ನು ಒಂದೊಂದಾಗಿ ನಿಭಾಯಿಸುವ ಕೇಸ್‌ನ ಕೊನೆಯಲ್ಲಿ ‘ಉಳಿದದ್ದೆಲ್ಲ’ ಎಂಬ ಅರ್ಥದ ಅಡಿಗೆರೆ ಹಾಕಬೇಡಿ. ಎರವಲಿಗೆ ‘ಪಡೆದಿದೆ’, ‘ಮರಳಿದೆ’, ‘ತಡವಾಗಿದೆ’ ಎಂಬ ಮೂರು ಸ್ಥಿತಿಗಳಿವೆ ಎನ್ನಿ. ‘ಕಳೆದುಹೋಗಿದೆ’ ಎಂಬ ನಾಲ್ಕನೆಯದನ್ನು ಸೇರಿಸಿದ ಕ್ಷಣ, ಎರವಲಿನ ಸ್ಥಿತಿಯನ್ನು ನೋಡುವ ಪ್ರತಿ ಜಾಗದ ಫೈಲ್ ಹೆಸರು, ಸಾಲಿನ ಸಂಖ್ಯೆಗಳನ್ನು ಕಂಪೈಲರ್ ಪಟ್ಟಿ ಮಾಡಿಕೊಡುತ್ತದೆ. ದಂಡದ ಲೆಕ್ಕದಲ್ಲಿ ಇದಕ್ಕೆ ಏನು ಮಾಡಬೇಕು? ಪಟ್ಟಿಯಲ್ಲಿ ಯಾವ ಬಣ್ಣ? ಈ ಪುಸ್ತಕವನ್ನು ಬೇರೆಯವರು ಕಾಯ್ದಿರಿಸಬಹುದೇ? ಒಂದೊಂದನ್ನೂ ತುಂಬುತ್ತ ಹೋದರೆ ಹೊಸ ವೈಶಿಷ್ಟ್ಯದ ಅರ್ಧ ಕೆಲಸ ಮುಗಿದಿರುತ್ತದೆ. ಅಡಿಗೆರೆ ಹಾಕಿದ್ದರೆ ಕಂಪೈಲರ್ ಸುಮ್ಮನಿರುತ್ತದೆ, ಕಳೆದುಹೋದ ಪುಸ್ತಕ ‘ಲಭ್ಯವಿದೆ’ ಎಂದು ಹಸಿರು ಬಣ್ಣದಲ್ಲಿ ಹೊಳೆಯುತ್ತದೆ.

ಹೆಜ್ಜೆ 4: ಫೈಲ್ ಒಡೆಯಲು ಅವಸರ ಬೇಡ

ಹೊಸಬರು ಮಾಡೆಲ್‌ಗೊಂದು, ಅಪ್‌ಡೇಟ್‌ಗೊಂದು, ಪರದೆ ಚಿತ್ರಿಸುವ ವ್ಯೂಗೊಂದು ಎಂದು ಫೈಲ್ ಒಡೆಯುತ್ತಾರೆ. ನೋಡಲು ಶಿಸ್ತಾಗಿ ಕಂಡರೂ ಒಂದು ಗುಂಡಿ ಸೇರಿಸಲು ಮೂರು ಫೈಲ್ ತೆರೆಯಬೇಕಾಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಫೈಲ್ ಎಂದರೆ ಹೆದರಿಕೆ, ಏಕೆಂದರೆ ಮೇಲಿನ ಸಾಲೊಂದು ಕೆಳಗಿನ ವೇರಿಯಬಲ್ ಒಂದನ್ನು ಎಲ್ಲಿ ತಿದ್ದಿರುತ್ತದೋ ತಿಳಿಯದು. ಎಲ್ಮ್‌ನಲ್ಲಿ ಯಾವುದನ್ನೂ ತಿದ್ದಲಾಗದ ಕಾರಣ ಆ ಹೆದರಿಕೆಗೆ ನೆಲೆಯಿಲ್ಲ. ಎಂಟುನೂರು ಸಾಲಿನ ಪುಟ ಮಾಡ್ಯೂಲ್ ನನಗೆ ಎಂದೂ ತೊಂದರೆ ಕೊಟ್ಟಿಲ್ಲ.

ಹಾಗಾದರೆ ಒಡೆಯುವುದು ಯಾವಾಗ? ಒಂದು ಟೈಪ್ ಮತ್ತು ಅದರ ಸುತ್ತಲಿನ ಫಂಕ್ಷನ್‌ಗಳು ತಾವೇ ಒಂದು ಗುಂಪಾಗಿ ನಿಂತಾಗ. ‘ಎರವಲು’ ಎಂಬ ಟೈಪ್, ಅದನ್ನು ಸೃಷ್ಟಿಸುವ, ಅವಧಿ ಮುಂದೂಡುವ, ದಂಡ ಲೆಕ್ಕಹಾಕುವ ಫಂಕ್ಷನ್‌ಗಳು, ಇವು ಒಂದು ಮಾಡ್ಯೂಲ್ ಆಗಲಿ. ಅದರಿಂದ ಟೈಪ್‌ನ ಹೆಸರನ್ನು ಮಾತ್ರ ಹೊರಗೆ ಬಿಡಿ, ಒಳರಚನೆಯನ್ನು ಬಿಡಬೇಡಿ. ಆಗ ಮರಳಿಸುವ ದಿನಾಂಕ ಪಡೆದ ದಿನಾಂಕಕ್ಕಿಂತ ಹಿಂದಿನದಾಗಿರುವ ಎರವಲನ್ನು ಹೊರಗಿನ ಯಾರೂ ತಯಾರಿಸಲಾರರು. ಬಾಗಿಲು ಒಂದೇ, ಅಲ್ಲಿ ಪರಿಶೀಲನೆ ಇದೆ.

ಎಲ್ಮ್‌ನಲ್ಲಿ ಎರಡು ಮಾಡ್ಯೂಲ್‌ಗಳು ಪರಸ್ಪರ ಆಮದು ಮಾಡಿಕೊಳ್ಳುವಂತಿಲ್ಲ, ಸುತ್ತು ಬಂದರೆ ಕಂಪೈಲರ್ ನಿರಾಕರಿಸುತ್ತದೆ. ಆದ್ದರಿಂದ ಪದರಗಳನ್ನು ಮೊದಲೇ ಯೋಚಿಸಿ. ತಳದಲ್ಲಿ ಪುಸ್ತಕ, ಸದಸ್ಯ, ಎರವಲುಗಳಂಥ ವಿಷಯದ ಟೈಪ್‌ಗಳು. ಅದರ ಮೇಲೆ ರೂಟ್ (ಯಾವ ವಿಳಾಸಕ್ಕೆ ಯಾವ ಪುಟ ಎಂಬುದು) ಮತ್ತು ಸೆಷನ್. ಅದರ ಮೇಲೆ ಪುಟಗಳು. ತುದಿಯಲ್ಲಿ ಎಲ್ಲವನ್ನೂ ಜೋಡಿಸುವ ಮೇನ್. ಪುಟಗಳು ಒಂದನ್ನೊಂದು ಆಮದು ಮಾಡಿಕೊಳ್ಳುವ ಅಗತ್ಯ ಬಿತ್ತೆಂದರೆ, ತಳಕ್ಕೆ ಸೇರಬೇಕಾದ ಟೈಪ್ ಒಂದು ಮೇಲೆ ಸಿಕ್ಕಿಕೊಂಡಿದೆ ಎಂದರ್ಥ.

ಹೆಜ್ಜೆ 5: ಪುಟಗಳನ್ನು ಮೇನ್‌ಗೆ ಜೋಡಿಸುವುದು

ರೂಟ್ ಕೂಡ ಒಂದು ಟೈಪ್: ಮುಖಪುಟ, ಹುಡುಕಾಟ, ಪುಸ್ತಕದ ಐಡಿ ಸಹಿತ ಪುಸ್ತಕಪುಟ, ಹೀಗೆ. ವಿಳಾಸವನ್ನು ರೂಟ್ ಮಾಡುವ ಮತ್ತು ರೂಟ್ ಅನ್ನು ವಿಳಾಸ ಮಾಡುವ ಎರಡು ಫಂಕ್ಷನ್‌ಗಳನ್ನು ಒಂದೇ ಮಾಡ್ಯೂಲ್‌ನಲ್ಲಿಡಿ. ಲಿಂಕ್‌ಗಳಿಗೆ ಸ್ಟ್ರಿಂಗ್ ಬಳಸದೆ ರೂಟ್ ಟೈಪ್ ಅನ್ನೇ ಬಳಸಿದರೆ ಸತ್ತ ಆಂತರಿಕ ಲಿಂಕ್ ಎಂಬುದೇ ಇರುವುದಿಲ್ಲ.

ಮೇನ್‌ನ ಮಾಡೆಲ್‌ನಲ್ಲಿ ಎಲ್ಲ ಪುಟಗಳ ಮಾಡೆಲ್‌ಗಳನ್ನೂ ಒಟ್ಟಿಗೆ ಇಟ್ಟುಕೊಳ್ಳದೆ, ಈಗ ತೆರೆದಿರುವ ಒಂದೇ ಪುಟವನ್ನು ಇಡಿ. ಪುಟದ ಸಂದೇಶಗಳನ್ನು ಮ್ಯಾಪ್ ಮಾಡಿ ಮೇನ್‌ನ ಸಂದೇಶವಾಗಿಸುವ ಕೋಡ್ ಪ್ರತಿ ಪುಟಕ್ಕೂ ಮತ್ತೆ ಮತ್ತೆ ಬರುತ್ತದೆ. ಅದು ಬೇಸರದ ಕೆಲಸವೇ ಸರಿ, ಆದರೆ ಬೇಸರವಷ್ಟೆ, ಅಪಾಯವಿಲ್ಲ. ಆದರೆ ಆ ಬೇಸರವನ್ನು ಪ್ರತಿ ಗುಂಡಿಗೂ, ಪ್ರತಿ ಡ್ರಾಪ್‌ಡೌನ್‌ಗೂ ಹರಡಬೇಡಿ. ಅವಕ್ಕೆ ಸ್ವಂತ ಮಾಡೆಲ್, ಸ್ವಂತ ಅಪ್‌ಡೇಟ್ ಬೇಡ, ಮೌಲ್ಯಗಳನ್ನು ಪಡೆದು ಎಚ್‌ಟಿಎಮ್‌ಎಲ್ ಕೊಡುವ ಸಾದಾ ಫಂಕ್ಷನ್ ಸಾಕು.

ಪರೀಕ್ಷೆಯ ವಿಷಯ ಇಲ್ಲಿಯೇ ಬರುತ್ತದೆ. ಎಲ್ಮ್‌ನ ಕಮಾಂಡ್ (ಅಪ್‌ಡೇಟ್ ಕೊಡುವ ಹೊರಗಿನ ಕೆಲಸದ ಆದೇಶ) ಮುಚ್ಚಿದ ಲಕೋಟೆಯಂತೆ, ಒಳಗೆ ಏನಿದೆ ಎಂದು ಪರೀಕ್ಷೆ ಬಿಚ್ಚಿ ನೋಡಲಾಗದು. ದೊಡ್ಡ ತಂಡಗಳು ಇದಕ್ಕೆ ಕಂಡುಕೊಂಡ ದಾರಿ ಚೆನ್ನಾಗಿದೆ. ಪುಟದ ಅಪ್‌ಡೇಟ್ ನೇರವಾಗಿ ಕಮಾಂಡ್ ಕೊಡದೆ ‘ಎಫೆಕ್ಟ್’ ಎಂಬ ಸ್ವಂತ ಟೈಪ್ ಕೊಡಲಿ: ಪಟ್ಟಿತರಿಸು, ಪುಟಬದಲಿಸು, ಸೆಷನ್‌ಮುಗಿಸು. ಮೇನ್ ಒಂದೇ ಜಾಗದಲ್ಲಿ ಅದನ್ನು ಕಮಾಂಡ್ ಆಗಿ ಪರಿವರ್ತಿಸುತ್ತದೆ. ಈಗ ಪರೀಕ್ಷೆಯಲ್ಲಿ ‘ಎರವಲು ಪಡೆ’ ಗುಂಡಿ ಒತ್ತಿದರೆ ಯಾವ ಎಫೆಕ್ಟ್ ಹೊರಟಿತು ಎಂದು ಹೋಲಿಸಿ ನೋಡಬಹುದು. ಎಲ್ಮ್ ಪ್ರೋಗ್ರಾಂ ಟೆಸ್ಟ್ ಎಂಬ ಪ್ಯಾಕೇಜ್ ಈ ಕ್ರಮವನ್ನೇ ಬಳಸಿ, ಬ್ರೌಸರ್ ಇಲ್ಲದೆಯೇ ಇಡೀ ಪುಟವನ್ನು ಓಡಿಸಿ ಪರೀಕ್ಷಿಸುತ್ತದೆ. ಪುಟವು ಸೆಷನ್‌ನಂಥ ಹಂಚಿಕೆಯ ಸ್ಥಿತಿಯನ್ನು ಬದಲಿಸಬೇಕಾದಾಗಲೂ ಇದೇ ಎಫೆಕ್ಟ್ ದಾರಿಯಾಗುತ್ತದೆ.

ಹೆಜ್ಜೆ 6: ಸರ್ವರ್‌ನ ಗಡಿಯಲ್ಲಿ ಡಿಕೋಡರ್

ಸರ್ವರ್ ಕಳಿಸುವ ಜೇಸನ್ ರೂಪದ ಮಾಹಿತಿ ಎಲ್ಮ್‌ನೊಳಗೆ ಹಾಗೆಯೇ ಬರುವುದಿಲ್ಲ. ಯಾವ ಫೀಲ್ಡ್, ಯಾವ ಟೈಪ್ ಎಂದು ಹೇಳುವ ಡಿಕೋಡರ್ ಬರೆಯಬೇಕು. ಹೊಸಬರು ಗೊಣಗುವುದು ಹೆಚ್ಚಾಗಿ ಇದರ ಬಗ್ಗೆಯೇ. ಆದರೆ ಆರಂಭದಲ್ಲಿ ಹೇಳಿದ ಖಾಲಿ ಪರದೆಗೆ ಮದ್ದು ಇರುವುದೂ ಇಲ್ಲೇ. ಫೀಲ್ಡ್‌ನ ಹೆಸರು ಬದಲಾದರೆ ಡಿಕೋಡರ್ ಗಡಿಯಲ್ಲೇ ತಡೆದು ಯಾವ ಫೀಲ್ಡ್ ಸಿಗಲಿಲ್ಲ ಎಂದು ಹೇಳುತ್ತದೆ. ಆ ದೋಷವನ್ನು ‘ವಿಫಲ’ ಸ್ಥಿತಿಗೆ ತನ್ನಿ, ಲಾಗ್‌ಗೂ ಕಳಿಸಿ.

ಸರ್ವರ್ ಕೊಟ್ಟ ಆಕಾರವನ್ನೇ ನಿಮ್ಮ ಟೈಪ್ ಆಗಿ ನಕಲು ಮಾಡಬೇಡಿ. ಸರ್ವರ್ ‘ಮರಳಿದದಿನಾಂಕ’ ಎಂಬಲ್ಲಿ ನಲ್ ಕಳಿಸಿದರೆ, ಡಿಕೋಡರ್ ಅದನ್ನು ‘ಪಡೆದಿದೆ’ ಎಂಬ ಸ್ಥಿತಿಯಾಗಿ ಅನುವಾದಿಸಲಿ. ದೊಡ್ಡ ಐಡಿಗಳು ಸಂಖ್ಯೆಯಾಗಿ ಬರುತ್ತಿದ್ದರೆ ಸ್ಟ್ರಿಂಗ್ ಆಗಿ ಕಳಿಸಲು ಸರ್ವರ್ ತಂಡವನ್ನು ಕೇಳಿಕೊಳ್ಳಿ. ಜಾವಾಸ್ಕ್ರಿಪ್ಟ್‌ನ ಸಂಖ್ಯೆಗಳು 2ರ 53ನೆಯ ಘಾತದಾಚೆ ನಿಖರವಾಗಿ ಉಳಿಯುವುದಿಲ್ಲ, ಎಲ್ಮ್ ಕೂಡ ಅದಕ್ಕೆ ಹೊರತಲ್ಲ. ಸರ್ವರ್ ಗ್ರಾಫ್‌ಕ್ಯೂಎಲ್ ಎಂಬ ಪ್ರಶ್ನಾಭಾಷೆಯದಾಗಿದ್ದರೆ ಡಿಕೋಡರ್‌ಗಳನ್ನು ಅದರ ಸ್ಕೀಮಾದಿಂದ (ಮಾಹಿತಿಯ ಆಕಾರದ ವಿವರಣೆ) ಉತ್ಪಾದಿಸುವ ಪ್ಯಾಕೇಜ್ ಇದೆ, ಕೈಯಿಂದ ಬರೆಯಬೇಡಿ.

ಕನ್ನಡದ ಹೆಸರುಗಳು: ಒಂದು ಪುಟ್ಟ ಮಾಡ್ಯೂಲ್

ಕನ್ನಡದಲ್ಲಿ ಅಪ್ಲಿಕೇಶನ್ ಮಾಡುವವರಿಗೆ ಇದು ಖಂಡಿತ ಎದುರಾಗುತ್ತದೆ. ಸದಸ್ಯರ ಚಿತ್ರವಿಲ್ಲದಿದ್ದರೆ ಹೆಸರಿನ ಮೊದಲ ಅಕ್ಷರವನ್ನು ವೃತ್ತದಲ್ಲಿ ತೋರಿಸುವುದು ವಾಡಿಕೆ. ‘ಶ್ರೀನಿವಾಸ’ ಎಂಬ ಹೆಸರಿನಿಂದ ಸ್ಟ್ರಿಂಗ್ ಲೆಫ್ಟ್ ಫಂಕ್ಷನ್ ಬಳಸಿ ಎಡದಿಂದ ಒಂದು ಘಟಕ ತೆಗೆದರೆ ಸಿಗುವುದು ಬರೀ ‘ಶ’. ‘ಶ್ರೀ’ ಎಂಬುದು ಕಂಪ್ಯೂಟರ್‌ಗೆ ನಾಲ್ಕು ಘಟಕಗಳು: ಶ, ವಿರಾಮ (ವ್ಯಂಜನವನ್ನು ಅರ್ಧವಾಗಿಸುವ ‘್’ ಚಿಹ್ನೆ), ರ, ಈಕಾರದ ಗುಣಿತ. ಸ್ಟ್ರಿಂಗ್ ಲೆಂಗ್ತ್ ಕೂಡ ನಾಲ್ಕು ಎಂದೇ ಹೇಳುತ್ತದೆ.

ಪರಿಹಾರ ಒಂದು ಶುದ್ಧ ಫಂಕ್ಷನ್. ಸ್ಟ್ರಿಂಗ್ ಅನ್ನು ಘಟಕಗಳ ಪಟ್ಟಿ ಮಾಡಿ ಎಡದಿಂದ ಸಾಗಿ. ಗುಣಿತ, ಅನುಸ್ವಾರ, ವಿಸರ್ಗ, ವಿರಾಮ ಬಂದರೆ ಹಿಂದಿನ ತುಂಡಿಗೆ ಸೇರಿಸಿ. ಹಿಂದಿನ ತುಂಡು ವಿರಾಮದಿಂದ ಮುಗಿದಿದ್ದು ಈಗ ವ್ಯಂಜನ ಬಂದರೆ ಅದನ್ನೂ ಸೇರಿಸಿ. ಇಲ್ಲವಾದರೆ ಹೊಸ ತುಂಡು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದ ಮೇಲೆ ಕಣ್ಣಿಗೆ ಕಾಣದ, ಒತ್ತಕ್ಷರವಾಗದಂತೆ ತಡೆಯುವ ಘಟಕವೊಂದಿರುತ್ತದೆ. ಅದನ್ನೂ ಹಿಂದಿನ ತುಂಡಿಗೇ ಸೇರಿಸಿದರೆ ಆ ತುಂಡು ವಿರಾಮದಿಂದ ಮುಗಿಯುವುದಿಲ್ಲ, ‘ಕು’ ತಾನಾಗಿ ಬೇರೆಯಾಗುತ್ತದೆ.

ಎಲ್ಮ್ ಟೆಸ್ಟ್‌ನ ಫಜ್ ಪರೀಕ್ಷೆ (ಯಾದೃಚ್ಛಿಕ ಮೌಲ್ಯಗಳನ್ನು ಕೊಟ್ಟು ನೋಡುವುದು) ಇಂಥದ್ದಕ್ಕೆ ಹೇಳಿ ಮಾಡಿಸಿದ್ದು. ಯಾವ ಸ್ಟ್ರಿಂಗ್ ಕೊಟ್ಟರೂ, ತುಂಡುಗಳನ್ನು ಮತ್ತೆ ಜೋಡಿಸಿದರೆ ಮೂಲವೇ ಬರಬೇಕು ಎಂದಷ್ಟೇ ಬರೆಯಿರಿ. ಬೇರೇನೂ ಹೇಳದಿದ್ದರೆ ಅದು 100 ಬಾರಿ ಬೇರೆ ಬೇರೆ ಸ್ಟ್ರಿಂಗ್ ಹಾಕಿ ನೋಡುತ್ತದೆ. ಕನ್ನಡದ ಘಟಕಗಳಿಂದಲೇ ಸ್ಟ್ರಿಂಗ್ ಕಟ್ಟುವ ಫಜರ್ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಹೆಜ್ಜೆ 7: ಜಾವಾಸ್ಕ್ರಿಪ್ಟ್ ಜೊತೆ ಒಡನಾಟ

0.19ರಿಂದ ಎಲ್ಮ್ ಕೋಡ್‌ನೊಳಗೆ ಜಾವಾಸ್ಕ್ರಿಪ್ಟ್ ಅನ್ನು ನೇರ ಬೆರೆಸಲು ಅವಕಾಶವಿಲ್ಲ. ದಾರಿಗಳು ಎರಡು. ಬ್ರೌಸರ್‌ನಲ್ಲಿ ಮಾಹಿತಿ ಉಳಿಸುವ ಲೋಕಲ್ ಸ್ಟೋರೇಜ್‌ನಂಥ ಕೆಲಸಕ್ಕೆ ಪೋರ್ಟ್ (ಎಲ್ಮ್ ಮತ್ತು ಜಾವಾಸ್ಕ್ರಿಪ್ಟ್ ನಡುವೆ ಸಂದೇಶ ಸಾಗಿಸುವ ದಾರಿ); ಪರದೆಯಲ್ಲಿ ಕಾಣುವ ನಕ್ಷೆ, ಬಾರ್‌ಕೋಡ್ ಓದುವ ಕ್ಯಾಮೆರಾಗಳಿಗೆ ಕಸ್ಟಮ್ ಎಲಿಮೆಂಟ್ (ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಸ್ವಂತ ಎಚ್‌ಟಿಎಮ್‌ಎಲ್ ಟ್ಯಾಗ್). ಪ್ರತಿ ಜಾವಾಸ್ಕ್ರಿಪ್ಟ್ ಫಂಕ್ಷನ್‌ಗೂ ಒಂದು ಪೋರ್ಟ್ ಮಾಡಬೇಡಿ. ಹೊರಗೆ ಹೋಗಲು ಒಂದು, ಒಳಗೆ ಬರಲು ಒಂದು ಇಟ್ಟು, ಸಂದೇಶದಲ್ಲೇ ಬಗೆಯ ಹೆಸರನ್ನು ಸೇರಿಸಿದರೆ ಹತೋಟಿಯಲ್ಲಿರುತ್ತದೆ.

ಇಡೀ ಸೈಟ್ ಅನ್ನು ಎಲ್ಮ್‌ಗೆ ಒಪ್ಪಿಸುವ ಅಪ್ಲಿಕೇಶನ್ ಎಂಬ ಫಂಕ್ಷನ್ ಬಾಡಿ ಟ್ಯಾಗ್ ಅನ್ನು ಪೂರ್ತಿ ವಶಕ್ಕೆ ತೆಗೆದುಕೊಳ್ಳುತ್ತದೆ. ಬಳಕೆದಾರರ ಬ್ರೌಸರ್‌ನಲ್ಲಿನ ಎಕ್ಸ್‌ಟೆನ್ಷನ್‌ಗಳು ಅದೇ ಬಾಡಿಯೊಳಗೆ ತಮ್ಮ ತುಣುಕುಗಳನ್ನು ತುರುಕಿದಾಗ ಎಲ್ಮ್ ಗಲಿಬಿಲಿಗೊಂಡು ನಿಂತುಹೋಗಬಹುದು. ರನ್‌ಟೈಮ್ ದೋಷಗಳೇ ಅಪರೂಪವಾದ ಭಾಷೆಯಲ್ಲಿ ಲಾಗ್‌ಗೆ ಬಂದು ಬೀಳುವ ದೋಷಗಳಲ್ಲಿ ಇದೊಂದು, ಆದ್ದರಿಂದ ಕಂಡಾಗ ನಿಮ್ಮ ಕೋಡ್ ಅನ್ನು ಜಾಲಾಡುವ ಮೊದಲು ಎಕ್ಸ್‌ಟೆನ್ಷನ್ ಬಗ್ಗೆ ವಿಚಾರಿಸಿ. ಎಲಿಮೆಂಟ್ ಫಂಕ್ಷನ್ ಬಳಸಿ ಒಳಗಿನ ಡಿವ್‌ನಲ್ಲಿ ಕೂರಿಸಿದರೆ ಈ ತೊಂದರೆ ತಪ್ಪುತ್ತದೆ. ಆದರೆ ವಿಳಾಸ ಬದಲಾವಣೆಯನ್ನು ಪೋರ್ಟ್ ಮೂಲಕ ನೀವೇ ನಿಭಾಯಿಸಬೇಕು.

ಹೆಜ್ಜೆ 8: ವೇಗ ಮತ್ತು ಬಿಡುಗಡೆ

ಉದ್ದನೆಯ ಪಟ್ಟಿಗಳಿಗೆ ಲೇಜಿ (ಬದಲಾಗದ ಭಾಗವನ್ನು ಮತ್ತೆ ಚಿತ್ರಿಸದಿರುವುದು) ಮತ್ತು ಕೀಡ್ (ಪಟ್ಟಿಯ ಪ್ರತಿ ಅಂಶಕ್ಕೂ ಗುರುತು ಕೊಡುವುದು) ಬಳಸಿ. ಲೇಜಿ ನೋಡುವುದು ಹಿಂದಿನ ಮೌಲ್ಯವೂ ಈಗಿನದೂ ಅದೇ ವಸ್ತುವೇ ಎಂದು ಮಾತ್ರ, ಒಳಗಿರುವುದು ಸಮವೇ ಎಂದಲ್ಲ. ಅಲ್ಲಿಯೇ ಹೊಸ ರೆಕಾರ್ಡ್ ಕಟ್ಟಿ ಕಳಿಸಿದರೆ, ಅಥವಾ ಲೇಜಿಗೆ ಕೊಡುವ ಫಂಕ್ಷನ್ ಅನ್ನು ಅಲ್ಲಿಯೇ ಹೆಸರಿಲ್ಲದೆ ಬರೆದರೆ ಪ್ರತಿ ಬಾರಿಯೂ ಹೊಸದೆಂದೇ ಎಣಿಸಿ ಮತ್ತೆ ಚಿತ್ರಿಸುತ್ತದೆ. ಮಾಡೆಲ್‌ನಲ್ಲಿರುವ ಮೌಲ್ಯವನ್ನು ಹಾಗೆಯೇ ಕಳಿಸಿ, ಫಂಕ್ಷನ್ ಅನ್ನು ಮಾಡ್ಯೂಲ್‌ನ ಹೊರಮಟ್ಟದಲ್ಲಿ ಬರೆಯಿರಿ.

ಬಿಡುಗಡೆಗೆ ಆಪ್ಟಿಮೈಸ್ ಆಯ್ಕೆ ಕಡ್ಡಾಯ. ಎಲ್ಲಾದರೂ ಡಿಬಗ್ ಲಾಗ್ ಮರೆತು ಉಳಿದಿದ್ದರೆ ಕಂಪೈಲರ್ ಅಲ್ಲಿಯೇ ನಿಲ್ಲಿಸುತ್ತದೆ, ಅದಕ್ಕಾಗಿ ಬೇರೆ ಕಾವಲು ಬೇಡ. ಬಳಸದ ಫಂಕ್ಷನ್‌ಗಳು ಒಂದೊಂದಾಗಿ ಕೈಬಿಟ್ಟುಹೋಗುತ್ತವೆ, ದೊಡ್ಡ ಪ್ಯಾಕೇಜ್‌ನಿಂದ ಎರಡೇ ಫಂಕ್ಷನ್ ಬಳಸಿದರೆ ಆ ಎರಡು ಮತ್ತು ಅವಕ್ಕೆ ಬೇಕಾದುವಷ್ಟೇ ಉಳಿಯುತ್ತವೆ. ನಂತರ ಫೈಲ್ ಚಿಕ್ಕದಾಗಿಸಲು ಮಿನಿಫೈ, ಜಿಜಿಪ್. ಪುಟಕ್ಕೊಂದು ಫೈಲ್ ಆಗಿ ಕೋಡ್ ಒಡೆಯುವ ಸೌಲಭ್ಯ ಕಂಪೈಲರ್‌ನಲ್ಲಿ ಇಲ್ಲ. ಸದಸ್ಯರ ಭಾಗ ಮತ್ತು ಸಿಬ್ಬಂದಿಯ ಭಾಗ ನಿಜಕ್ಕೂ ಬೇರೆ ಬೇರೆ ಜನರಿಗೆ ಎಂದಾದರೆ ಎರಡು ಮೇನ್ ಬರೆದು ಎರಡು ಫೈಲ್ ಮಾಡಿ. ತಳದ ಟೈಪ್‌ಗಳು ಎರಡಕ್ಕೂ ಒಂದೇ ಆಗಿರುವುದರಿಂದ ‘ಕಳೆದುಹೋಗಿದೆ’ ಎಂಬಂಥ ಬದಲಾವಣೆ ಬಂದಾಗ ಎರಡನ್ನೂ ಒಟ್ಟಿಗೆ ಕಂಪೈಲ್ ಮಾಡುವಂತೆ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಬರೆದಿಡಿ.